ಪಿನ್ನು ಹೊಡೆದ ಅಧ್ಯಾಯ

ಮಂಗಳವಾರ, ಗುರುವಾರ ಬೆಳಿಗ್ಗೆ ಹತ್ತಕ್ಕೆ ಲೊರೆಟ್ಟಾ ಪ್ರೂಯಿಟ್ ತನ್ನ ಹಳೆಯ ವ್ಯಾನನ್ನು ಕಾಲೇಜಿನ ಹಿಂದಿನ ಓಕ್ ಮರದಡಿ ನಿಲ್ಲಿಸುತ್ತಿದ್ದಳು. ಮಗಳು ತಿರ್ಜಾ ಇಳಿದು, ಚೀಲವನ್ನು ಹೆಗಲಿಗೇರಿಸಿ, ತಿರುಗಿಯೂ ನೋಡದೆ ಗಾಜಿನ ಬಾಗಿಲೊಳಗೆ ಹೋಗಿಬಿಡುವಳು. ಹನ್ನೊಂದೂವರೆಯ ತನಕ ಲೊರೆಟ್ಟಾ ಅಲ್ಲೇ ಕೂತಿರುವಳು. ಮನೆಗೆ ಹೋಗಿ ಬರಲು ಇಪ್ಪತ್ತೆಂಟು ಮೈಲಿ. ಅಷ್ಟು ಪೆಟ್ರೋಲು ಸುಡುವುದಕ್ಕಿಂತ ಕೂತು ಕಾಲುಚೀಲ ಹೆಣೆಯುವುದು ಮೇಲು. ಆಗಸ್ಟಿನಿಂದ ಎರಡು ಜೊತೆ ಮುಗಿದಿದ್ದವು. ಅಕ್ಟೋಬರಿನ ಆ ಮಂಗಳವಾರ ಮಾತ್ರ ಸೂಜಿ ಒಂದು ಸಾಲೂ ಮುಂದೆ ಹೋಗಲಿಲ್ಲ.

ಮೊದಲ ದಿನ ಕಾಲೇಜಿನವರು ಕೊಟ್ಟ ಪಾಠಪಟ್ಟಿ ಅವಳ ಅಡುಗೆಮನೆಯ ಫ್ರಿಜ್ಜಿನ ಬಾಗಿಲ ಮೇಲಿತ್ತು. ಆರನೆಯ ವಾರ ಜೀವಕೋಶ. ಏಳನೆಯ ವಾರ ಅನುವಂಶೀಯತೆ. ಎಂಟನೆಯ ವಾರದ ಮುಂದೆ ಒಂದೇ ಪದ: ಜೀವವಿಕಾಸ. ಹಾಲು ತೆಗೆಯಲು ಹೋದಾಗಲೆಲ್ಲ ಆ ಪದ ಅವಳ ಕಣ್ಣಿಗೆ ಹೊಗೆಯಂತೆ ತಾಗುತ್ತಿತ್ತು. ಈಗ ಎಂಟನೆಯ ವಾರ ಬಂದಿತ್ತು.

ಕಾಲೇಜಿನಲ್ಲಿ ಇದನ್ನು ಹೇಳಿಕೊಡುತ್ತಾರೆ ಎಂಬುದು ಅವಳ ಭಯವಲ್ಲ. ಹದಿನೇಳರ ಹುಡುಗಿ ಎಲ್ಲಿ ಹೋದರೂ ಒಂದು ದಿನ ಕೇಳಿಯೇ ಕೇಳುತ್ತಾಳೆ. ಭಯವೆಲ್ಲ ಆಮೇಲಿನ ಗಳಿಗೆಯದು. ತಿರ್ಜಾ ಹೊರಗೆ ಬಂದು, ವ್ಯಾನಿನಲ್ಲಿ ಕೂತು, "ಅಮ್ಮಾ, ಇದು ನಿನಗೆ ಗೊತ್ತಿತ್ತಾ?" ಎಂದು ಕೇಳಿದರೆ? ಗೊತ್ತಿತ್ತು. ಹದಿಮೂರು ವರ್ಷದಿಂದ ಗೊತ್ತಿತ್ತು. ಅಮ್ಮ ಇಷ್ಟನ್ನು ಬಚ್ಚಿಟ್ಟವಳು ಇನ್ನೇನೇನು ಬಚ್ಚಿಟ್ಟಳೋ ಎಂದು ಹುಡುಗಿ ಎಲ್ಲವನ್ನೂ ಕೊಡವಿಬಿಟ್ಟರೆ? ತನ್ನನ್ನು ಬಿಟ್ಟರೆ ಬಿಡಲಿ. ಕರ್ತನಾದ ದೇವರನ್ನೇ ಬಿಟ್ಟುಬಿಟ್ಟರೆ?

ಹನ್ನೊಂದೂವರೆಗೆ ತಿರ್ಜಾ ಬಂದಳು.

"ಏನು ಹೇಳಿಕೊಟ್ರು ಇವತ್ತು?"

"ಮೂಳೆ."

"ಏನು ಮೂಳೆ?"

"ಮೂಳೆ ಅಮ್ಮಾ, ಮೂಳೆ. ಹೊಟ್ಟೆ ಹಸೀತಿದೆ, ಹೋಗೋಣ."

ಲೊರೆಟ್ಟಾ ಗಾಡಿ ತಿರುಗಿಸಿದಳು. ದಾರಿಯುದ್ದಕ್ಕೂ ಮಗಳ ಮುಖವನ್ನು ಓರೆಗಣ್ಣಲ್ಲಿ ನೋಡುತ್ತ, ಎರಡು ಸಲ ರಸ್ತೆಯಂಚಿನ ಜಲ್ಲಿಗೆ ಇಳಿಸಿದಳು.

ಲೊರೆಟ್ಟಾ ಹುಟ್ಟಿದ್ದು ಅಮೆರಿಕದ ಮಿಸೌರಿ ರಾಜ್ಯದ ದಕ್ಷಿಣದ ಇದೇ ಗುಡ್ಡಗಳ ನಡುವೆ. ಅಪ್ಪ ಅಳಿಲು ಹೊಡೆದು ತರುತ್ತಿದ್ದ. ಒಂಬತ್ತನೆಯ ವಯಸ್ಸಿನಲ್ಲಿ, ಅಡುಗೆಮನೆಯ ಸಿಂಕಿನಲ್ಲಿ, ಅವಳು ಮೊದಲ ಸಲ ಒಂದು ಹೃದಯವನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು. ಅದು ಕಡಲೆಬೀಜಕ್ಕಿಂತ ತುಸು ದೊಡ್ಡದು. ಉಗುರಿನಿಂದ ಸೀಳಿದರೆ ಒಳಗೆ ಪುಟ್ಟ ಕೋಣೆಗಳು. "ಏನೇ ಅದು, ಸಾರಿಗೆ ಹಾಕೋದನ್ನ ಪೂಜೆ ಮಾಡ್ತಾ ಕೂತಿದೀಯ?" ಎಂದು ಅಪ್ಪ ಗದರಿದ್ದ. ಮುಂದೆ ಓದಬೇಕೆಂಬ ಆಸೆ ಇತ್ತು. ಹತ್ತೊಂಬತ್ತಕ್ಕೆ ಗ್ಯಾಸಿನ ಲಾರಿ ಓಡಿಸುವ ರಾಯ್ಸ್‌ನ ಜೊತೆ ಮದುವೆಯಾಯಿತು, ಆಸೆ ಹಾಗೇ ಉಳಿಯಿತು.

ದೊಡ್ಡ ಮಗನಿಗೆ ಆರು ತುಂಬುವಾಗ ಚರ್ಚಿನ ಸಭೆಯ ಹೆಂಗಸರೆಲ್ಲ ಮಕ್ಕಳನ್ನು ಸರ್ಕಾರಿ ಶಾಲೆಯಿಂದ ಬಿಡಿಸಿ ಮನೆಯಲ್ಲೇ ಕಲಿಸತೊಡಗಿದ್ದರು. ಲೊರೆಟ್ಟಾಳೂ ಹಾಗೇ ಮಾಡಿದಳು. ವರ್ಷಕ್ಕೆ ಸಾವಿರ ಗಂಟೆ ಪಾಠ ಆಗಿರಬೇಕು, ಅದನ್ನು ಬರೆದಿಡಬೇಕು ಎಂಬುದು ಕಾನೂನು. ಅವಳ ಪುಸ್ತಕದಲ್ಲಿ "ಬೀನ್ಸು ಡಬ್ಬಿ ತುಂಬಿದ್ದು, ವಿಜ್ಞಾನ, ಎರಡು ಗಂಟೆ" ಎಂದು ಬರೆದಿದ್ದರೆ ಅದರಲ್ಲಿ ಮೋಸವಿರಲಿಲ್ಲ. ಕುದಿಯುವ ನೀರು ಡಬ್ಬಿಯೊಳಗಿನ ಕ್ರಿಮಿಯನ್ನು ಹೇಗೆ ಕೊಲ್ಲುತ್ತದೆ ಎಂದು ಎರಡು ಗಂಟೆಯೂ ಹೇಳುತ್ತಿದ್ದಳು.

ಸಭೆಯ ಹದಿಮೂರು ಮನೆಗಳು ಸೇರಿ ಶುಕ್ರವಾರದ ಕೂಟ ಮಾಡಿಕೊಂಡಾಗ ಒಬ್ಬರು ಗಣಿತ ಹಿಡಿದರು, ಒಬ್ಬರು ಇತಿಹಾಸ. ಕಪ್ಪೆ ಕೊಯ್ಯಲು ಯಾರೂ ಮುಂದೆ ಬರಲಿಲ್ಲ. ಲೊರೆಟ್ಟಾ ಬಂದಳು. ಹದಿನಾಲ್ಕು ವರ್ಷ ಸಭೆಯ ಅಡುಗೆಮನೆಯಲ್ಲಿ, ಭಾನುವಾರ ರೊಟ್ಟಿ ಕತ್ತರಿಸುವ ಅದೇ ಉದ್ದನೆಯ ಮೇಜಿನ ಮೇಲೆ ಪ್ಲಾಸ್ಟಿಕ್ ಹಾಸಿ, ಕೂಟದ ಮಕ್ಕಳಿಗೆಲ್ಲ ಕಪ್ಪೆ, ಎರೆಹುಳ, ಹಂದಿಮರಿ ಕೊಯ್ಯಲು ಕಲಿಸಿದಳು. "ಮಿಸ್ ಲೊರೆಟ್ಟಾ, ಇದು ಹೊಟ್ಟೇನಾ?" "ಅದು ಪಿತ್ತಕೋಶ. ನಿಧಾನ ಮಗಾ, ಅದು ಒಡೆದರೆ ಊಟ ಸೇರಲ್ಲ."

ಕೂಟಕ್ಕೆ ಒಂದು ಒಳ್ಳೆಯ ಜೀವಶಾಸ್ತ್ರದ ಪುಸ್ತಕ ಬೇಕಾಗಿತ್ತು. ಶಾಲೆಯೊಂದು ಹಳೆಯ ಪುಸ್ತಕ ಮಾರುವಾಗ ಅವಳು ದಪ್ಪನೆಯದೊಂದನ್ನು ಕೊಂಡಳು. ಚಿತ್ರಗಳು ಚೆನ್ನಾಗಿದ್ದವು. ಹದಿನೈದನೆಯ ಅಧ್ಯಾಯ, ಜೀವವಿಕಾಸದ್ದು, ಮಾತ್ರ ಆಗದು; ದೇವರು ಆರು ದಿನದಲ್ಲಿ ಎಲ್ಲವನ್ನೂ ಸೃಷ್ಟಿಸಿದ ಎಂಬುದು ಸಭೆಯ ನಂಬಿಕೆ. ಇಂಥ ಅಧ್ಯಾಯಕ್ಕೆ ಏನು ಮಾಡಬೇಕೆಂದು ಕೂಟದ ತಾಯಂದಿರಿಗೆಲ್ಲ ಗೊತ್ತಿತ್ತು. ಕೆಲವರು ಬ್ಲೇಡಿನಲ್ಲಿ ಕೊಯ್ದು ಒಲೆಗೆ ಹಾಕುತ್ತಿದ್ದರು. ಲೊರೆಟ್ಟಾಳಿಗೆ ಕಪ್ಪೆ ಕೊಯ್ಯಲು ಬರುತ್ತಿತ್ತು, ಪುಸ್ತಕ ಕೊಯ್ಯಲು ಬರಲಿಲ್ಲ. ನಲವತ್ತು ಪುಟಗಳನ್ನು ಎರಡೆರಡು ಹಾಳೆಯಂತೆ ಜೋಡಿಸಿ ಅಂಚಿನುದ್ದಕ್ಕೂ ಪಿನ್ನು ಹೊಡೆದಳು. ಅದೇ ವಾರ, ನಾಲ್ಕು ವರ್ಷದ ತಿರ್ಜಾ ಮಧ್ಯಾಹ್ನ ಮಲಗಿದ್ದಾಗ, ಬೆಣ್ಣೆ ಸವರುವ ಚಾಕುವಿನಿಂದ ಒಂದೊಂದೇ ಬಿಚ್ಚಿ ಓದಿದಳು. ಓದಿ ಮುಗಿಸಿ ಮತ್ತೆ ಹೊಡೆದಳು. ಯಾರಿಗೂ ಹೇಳಲಿಲ್ಲ.

ಕೂಟದ ಮಕ್ಕಳು ಹೊರಗಿನ ಪರೀಕ್ಷೆ ಬರೆಯಬೇಕಾಗಿ ಬಂದರೆ ತಾಯಂದಿರು ಹೇಳಿಕೊಡುವ ಇನ್ನೊಂದು ಉಪಾಯವಿತ್ತು. ಉತ್ತರದ ಮುಂದೆ "ವಿಜ್ಞಾನಿಗಳು ನಂಬುವಂತೆ" ಎಂದು ಹಾಕು. ಸುಳ್ಳು ಹೇಳಿದ ಹಾಗೂ ಆಗಲಿಲ್ಲ, ಮಾರ್ಕೂ ಹೋಗಲಿಲ್ಲ. ಇದನ್ನು ಕೂಟದ ಮಕ್ಕಳಿಗೆಲ್ಲ ಲೊರೆಟ್ಟಾಳೇ ಕಲಿಸಿದ್ದಳು.

ಆ ಎಂಟನೆಯ ವಾರದ ಶುಕ್ರವಾರ, ಕೂಟ ಮುಗಿದು ತಟ್ಟೆ ತೊಳೆಯುವಾಗ, ಪಾಸ್ಟರ ಹೆಂಡತಿ ವಿಲ್ಮಾ ಪಕ್ಕಕ್ಕೆ ಬಂದು ಟವೆಲ್ಲು ಹಿಡಿದಳು.

"ಎಂಟನೇ ವಾರ ಬಂತಲ್ಲ, ಲೊರೆಟ್ಟಾ?"

"ಬಂತು, ಸಿಸ್ಟರ್."

"ಕುರಿಮರೀನ ತೋಳದ ಬಾಯಿಗೆ ನೀನೇ ಗಾಡೀಲಿ ಕೂರಿಸ್ಕೊಂಡು ಹೋಗಿ ಬಿಟ್ಟು ಬರ್ತೀಯ. ಪೆಟ್ರೋಲು ಬೇರೆ ದಂಡ. ಹೆಸರು ತೆಗೆಸಿಬಿಡು."

"ಅವಳಿಗೆ ದನದ ಡಾಕ್ಟರಾಗ್ಬೇಕಂತೆ. ಈ ಪಾಠ ಆಗದೆ ಮುಂದಕ್ಕೆ ಸೇರಿಸ್ಕೊಳ್ಳಲ್ವಂತೆ."

"ನಮ್ಮ ಸಭೆಯ ಬ್ರದರ್ ಓರ್ವಿಲ್ ಯಾವ ಕಾಲೇಜು ಮೆಟ್ಟಿಲು ಹತ್ತಿದಾನೆ? ಅಡ್ಡ ಸಿಕ್ಕೊಂಡ ಕರೂನ ಎಳೆದು ತೆಗೆಯಲ್ವಾ?"

"ತೆಗೀತಾನೆ, ಸಿಸ್ಟರ್. ಅರ್ಧ ಸತ್ತು ಬರ್ತವೆ."

ವಿಲ್ಮಾ ನಗಲಿಲ್ಲ. ಆ ರಾತ್ರಿ ಲೊರೆಟ್ಟಾ ಅದನ್ನೆಲ್ಲ ಗಂಡನಿಗೆ ಹೇಳಿದಳು. ಊಟಕ್ಕೆ ಮೀನು ಕರಿದಿದ್ದಳು. ರಾಯ್ಸ್ ಎಲ್ಲ ಕೇಳಿಸಿಕೊಂಡು ತಟ್ಟೆಯ ಅಂಚಿಗೆ ಒಂದು ಮುಳ್ಳು ಇಟ್ಟ.

"ಮೀನು ತಿನ್ನೋದು ಕಲಿಸಿದೀವಿ. ಮುಳ್ಳು ಯಾವುದು ಅಂತ ಅವಳಿಗೆ ಗೊತ್ತಾಗುತ್ತೆ ಬಿಡು."

"ನಿನಗೆ ಗೊತ್ತಾ, ಇದರಲ್ಲಿ ಮುಳ್ಳು ಯಾವುದು ಅಂತ?"

"ನನಗ್ಯಾಕೆ ಅದೆಲ್ಲ? ನಾನು ಗ್ಯಾಸ್ ತುಂಬೋನು."

ಮುಂದಿನ ವಾರ ಒಂದು ಸಣ್ಣ ಪರೀಕ್ಷೆ ಆಯಿತು. ಗುರುವಾರ ತಿರ್ಜಾ ವ್ಯಾನಿನ ಹತ್ತಿರ ಬಂದವಳು ಹತ್ತಲಿಲ್ಲ. "ಮಿಸೆಸ್ ಆಕೊಸ್ಟಾ ನಿನ್ನನ್ನ ಕರೀತಿದಾರೆ" ಎಂದಳು. ಮಿಸೆಸ್ ಆಕೊಸ್ಟಾ ಜೀವಶಾಸ್ತ್ರದ ಮೇಡಂ.

ಆ ಗಾಜಿನ ಬಾಗಿಲನ್ನು ಲೊರೆಟ್ಟಾ ಅದುವರೆಗೆ ದಾಟಿರಲಿಲ್ಲ. ಒಳಗೆ ಅವಳಿಗೆ ಚಿರಪರಿಚಿತವಾದ, ಕಪ್ಪೆ ಕೆಡದಂತೆ ಇಡುವ ಔಷಧಿಯ ವಾಸನೆ. ಮಿಸೆಸ್ ಆಕೊಸ್ಟಾ ಸಣ್ಣಗಿನ, ಚುರುಕು ಹೆಂಗಸು. ತಿರ್ಜಾಳನ್ನು ಹೊರಗೇ ನಿಲ್ಲಿಸಿ ಬಾಗಿಲು ಮುಂದೆ ಮಾಡಿದಳು.

"ನೀವೇನಾ ಇವಳಿಗೆ ಕಲಿಸಿದ್ದು? ಕೂತ್ಕೊಳ್ಳಿ. ಈ ಹುಡುಗಿ ಚಾಕು ಹಿಡಿಯೋ ಹಾಗೆ ನನ್ನ ಎರಡನೇ ವರ್ಷದವರೂ ಹಿಡಿಯಲ್ಲ."

"ಅಳಿಲಿನ ಮೇಲೆ ಶುರು ಮಾಡಿಸಿದ್ದು," ಎಂದಳು ಲೊರೆಟ್ಟಾ. ಹೊಗಳಿಕೆಯ ಹಿಂದೆ ಏನೋ ಬರುತ್ತಿದೆ ಎಂದು ಅವಳ ಬೆನ್ನಿಗೆ ಗೊತ್ತಾಗಿತ್ತು.

ಮೇಡಂ ಉತ್ತರಪತ್ರಿಕೆಯನ್ನು ಮುಂದಕ್ಕೆ ತಳ್ಳಿದಳು. ಮೇಲೆ ಐವತ್ತೆರಡು ಎಂದಿತ್ತು. ಮಗಳ ದುಂಡು ಅಕ್ಷರ. *ವಿಜ್ಞಾನಿಗಳು ನಂಬುವಂತೆ, ಬೆಕ್ಕಿನ ಮುಂಗಾಲಿನ ಮೇಲ್ಭಾಗದಲ್ಲಿ ಒಂದು ಮೂಳೆಯಿದೆ. ವಿಜ್ಞಾನಿಗಳು ನಂಬುವಂತೆ, ಬಾವಲಿಯ ರೆಕ್ಕೆಯಲ್ಲಿ ಐದು ಬೆರಳಿವೆ.* ಕೆಂಪು ಶಾಯಿಯಲ್ಲಿ ಇಪ್ಪತ್ತೆರಡು ಕಡೆ ಸುತ್ತು ಹಾಕಿತ್ತು.

"ಬಾವಲಿ ಅವಳ ಕೈಯಲ್ಲೇ ಇತ್ತು," ಎಂದಳು ಮಿಸೆಸ್ ಆಕೊಸ್ಟಾ. "ಬೆರಳು ಎಣಿಸಿದ್ದೂ ಅವಳೇ. ನಂಬೋ ವಿಜ್ಞಾನಿ ಯಾರೂ ರೂಮಲ್ಲಿರ್ಲಿಲ್ಲ. ಯಾಕಮ್ಮಾ ಹೀಗೆ ಬರೆದೆ ಅಂದ್ರೆ, 'ಎಲ್ಲಿಂದ ಹಾಕ್ಬೇಕು ಎಲ್ಲಿ ಬಿಡ್ಬೇಕು ಗೊತ್ತಾಗ್ಲಿಲ್ಲ, ಅದಕ್ಕೆ ಎಲ್ಲದಕ್ಕೂ ಹಾಕ್ದೆ' ಅಂತಾಳೆ. ಅವಳ ನಂಬಿಕೆ ಕೀಳೋದು ನನ್ನ ಕೆಲಸ ಅಲ್ಲ. ಆದ್ರೆ ಕಂಡದ್ದನ್ನ ಕಂಡೆ ಅನ್ನೋಕೆ ಹೆದರೋಳು, ನಾಳೆ ದನಕ್ಕೆ ಏನಾಗಿದೆ ಅಂತ ಹೇಗೆ ಹೇಳ್ತಾಳೆ? ಬರೋ ಗುರುವಾರ ದೊಡ್ಡ ಪರೀಕ್ಷೆ. ಎಂಬತ್ತು ಬರದಿದ್ರೆ ಆ ದಾರಿ ಮುಚ್ಚಿತು. ಯಾರು ಹೇಳಿಕೊಟ್ರು ಇವಳಿಗೆ ಇದನ್ನ?"

ನಾನು, ಎನ್ನಲು ಲೊರೆಟ್ಟಾ ಬಾಯಿ ತೆರೆದಳು. "ನಮ್ಮ ಕಡೆ ಹಾಗೇ ಬರೀತಾರೆ," ಎಂಬ ಮಾತು ಬಂತು.

ಮನೆಯಲ್ಲಿ ಅವಳು ನೇರ ಕೋಳಿಗೂಡಿಗೆ ಹೋದಳು. ಕಾಳು ಹಾಕಿ, ನೀರು ಬದಲಿಸಿ, ಬೇಕಿಲ್ಲದಿದ್ದರೂ ಹುಲ್ಲು ಹರವಿ ಹೊತ್ತು ಕಳೆದಳು. ಮೊಟ್ಟೆಯ ಬುಟ್ಟಿ ಹಿಡಿದು ಒಳಗೆ ಬಂದಾಗ ತಿರ್ಜಾ ಅಡುಗೆಮನೆಯ ಮೇಜಿನಲ್ಲಿ ಕೂತಿದ್ದಳು. ಮುಂದೆ ದಪ್ಪನೆಯ ಹಳೆಯ ಪುಸ್ತಕ. ಪಕ್ಕದ ಬಟ್ಟಲಿನಲ್ಲಿ ಪಿನ್ನುಗಳ ರಾಶಿ.

"ಪರೀಕ್ಷೆಗೆ ಇದರಲ್ಲೂ ನೋಡೋಣ ಅಂತ ಬಿಚ್ಚಿದೆ," ಎಂದಳು ತಿರ್ಜಾ. "ಅಮ್ಮಾ, ಇದಕ್ಕೆ ಎರಡು ಸಲ ಪಿನ್ನು ಹೊಡೆದಿದೆ."

ಲೊರೆಟ್ಟಾ ಬುಟ್ಟಿಯನ್ನು ಕೆಳಗಿಡಲಿಲ್ಲ.

"ಪ್ರತಿ ಹಾಳೇಲೂ ಎರಡೆರಡು ಸಾಲು ತೂತು. ಯಾರೋ ಬಿಚ್ಚಿ, ಓದಿ, ಮತ್ತೆ ಹೊಡೆದಿದಾರೆ. ಬಾವಲಿ ಚಿತ್ರದ ಪಕ್ಕ ಪೆನ್ಸಿಲಲ್ಲಿ ಚುಕ್ಕೆ ಇದೆ. ಬೈಬಲ್ಲಲ್ಲಿ ನಿನಗೆ ಪ್ರಶ್ನೆ ಬಂದ ಕಡೆ ಇಡ್ತೀಯಲ್ಲ, ಅದೇ ಚುಕ್ಕೆ. ನಿನಗೆ ಗೊತ್ತಿತ್ತಾ?"

ಎರಡು ವಾರದಿಂದ ಕಾದಿದ್ದ ಪ್ರಶ್ನೆ. ಏನೇನೋ ಉತ್ತರ ಕಟ್ಟಿಕೊಂಡಿದ್ದಳು.

"ಗೊತ್ತಿತ್ತು. ನಿನಗಾಗ ನಾಕು ವರ್ಷ. ನೀನು ಮಲಗ್ದಾಗ ಓದ್ದೆ. ನಾಕು ಮಧ್ಯಾಹ್ನ."

"ಓದಿ?"

"ಭಾನುವಾರ ಸಭೆಗೆ ಹೋದೆ. ಏನೋ ಆಗುತ್ತೆ ಅಂದ್ಕೊಂಡಿದ್ದೆ. ಹಾಡೋಕೆ ಹೋದ್ರೆ ಗಂಟಲು ಕಟ್ಟುತ್ತೆ, ಕರ್ತನ ಹೆಸರು ಬಾಯಿಗೆ ಬರಲ್ಲ ಅಂತ. ಬಂತು. ಯಾವತ್ತಿನ ಹಾಗೇ ಬಂತು."

"ಮತ್ಯಾಕೆ ಹೊಡೆದೆ ಪಿನ್ನು?"

"ನಿಮಗೂ ಹಾಗೇ ಬರುತ್ತೆ ಅಂತ ಏನು ಗ್ಯಾರಂಟಿ?"

ತಿರ್ಜಾ ಬುಟ್ಟಿಯ ಕಡೆ ನೋಡಿದಳು. ಅವಳ ಮೂಗಿನ ತುದಿ ಕೆಂಪಾಗುತ್ತಿತ್ತು.

"ಅಂದ್ರೆ ನಿನ್ನ ವಿಶ್ವಾಸ ಕಲ್ಲು. ನಂದು ಮೊಟ್ಟೆ."

"ಹಾಗಲ್ಲ ಮಗಳೇ…"

"ಹಾಗೇ. ಬಚ್ಚಿಟ್ಟದ್ದು ಹೋಗ್ಲಿ. ನೀನು ತಡ್ಕೊಂಡೆ, ಇವಳ ಕೈಲಿ ಆಗಲ್ಲ ಅಂದ್ಕೊಂಡ್ಯಲ್ಲ. ನನ್ನ ಕೇಳ್ದೇನೇ ಅಂದ್ಕೊಂಡ್ಯಲ್ಲ, ಹದಿಮೂರು ವರ್ಷ."

ಪುಸ್ತಕ ಎತ್ತಿಕೊಂಡು ಕೋಣೆಗೆ ಹೋದಳು. ಬಾಗಿಲನ್ನು ಅವಳು ಬಡಿಯಲಿಲ್ಲ. ಬಡಿದಿದ್ದರೆ ಚೆನ್ನಾಗಿತ್ತು ಎನಿಸಿತು ಲೊರೆಟ್ಟಾಳಿಗೆ.

ಅಂದಿನಿಂದ ಮನೆಯಲ್ಲಿ ಮಾತು ಬಾವಿಯ ತಳದ ನೀರಾಯಿತು. ಶನಿವಾರ ಊಟಕ್ಕೆ ಕೂತಾಗ, "ಏನು ಇವತ್ತು?" ಎಂದು ರಾಯ್ಸ್ ಕೇಳಿದ.

"ವಿಜ್ಞಾನಿಗಳು ನಂಬುವಂತೆ, ಬೀನ್ಸು," ಎಂದಳು ತಿರ್ಜಾ.

"ಏನಂದೆ?"

ಲೊರೆಟ್ಟಾ ಬೀನ್ಸು ಬಡಿಸಿದಳು. ರಾಯ್ಸ್ ಒಬ್ಬಳಿಂದ ಇನ್ನೊಬ್ಬಳ ಕಡೆ ನೋಡಿ, ಮೆಕ್ಕೆಜೋಳದ ರೊಟ್ಟಿ ಮುರಿದುಕೊಂಡ. ಭಾನುವಾರ ತಿರ್ಜಾ ಸಭೆಗೆ ಬಂದಳು, ಆದರೆ ಹಾಡಲಿಲ್ಲ. ಹಾಡಿನ ಪುಸ್ತಕ ತೆರೆದಿತ್ತು, ತುಟಿ ಮುಚ್ಚಿತ್ತು. ಲೊರೆಟ್ಟಾ ಮೂರು ಹಾಡಿನುದ್ದಕ್ಕೂ ಆ ತುಟಿಯನ್ನೇ ನೋಡುತ್ತ ತಾನು ಯಾವ ಸಾಲಿನಲ್ಲಿದ್ದೇನೆಂಬುದನ್ನೂ ಮರೆತಳು. ಗಂಟಲು ಕಟ್ಟಿತೇ? ಹೆಸರು ಬರುತ್ತಿಲ್ಲವೇ? ಸೋಮವಾರ ಬಟ್ಟೆ ಒಗೆಯುವಾಗಲೂ, ಮಂಗಳವಾರ ಓಕ್ ಮರದಡಿ ಕೂತಾಗಲೂ ಅದೇ. ಕೇಳಬೇಕೆಂದರೆ ಬಾಯಿ ಏಳಲಿಲ್ಲ. ಕೇಳಿದ ಮೇಲೆ ಉತ್ತರ ಬಂದುಬಿಡುತ್ತದೆ.

ಬುಧವಾರ ಸಂಜೆ ಆರಕ್ಕೆ ಪ್ರಾರ್ಥನಾಕೂಟ. ಮೊದಲು ಎಲ್ಲರ ಮನೆಯ ಸಾರು, ಆಮೇಲೆ ವಿನಂತಿಗಳು. ಯಾರಿಗೆ ಏನು ಕಷ್ಟವೋ ಕೈಯೆತ್ತಿ ಹೇಳಬೇಕು. ಪಾಸ್ಟರ್ ಗೇಲನ್ "ಇದನ್ನ ಯಾರು ಹೊರ್ತೀರಿ?" ಎಂದು ಕೇಳುತ್ತಾರೆ. "ನಾನು ಹೊರ್ತೀನಿ" ಎಂದವರು ಎದ್ದು ನಿಂತು ಎಲ್ಲರ ಪರವಾಗಿ ಪ್ರಾರ್ಥಿಸಬೇಕು. ಆ ಸಭೆ ಶುರುವಾದಂದಿನಿಂದ ಹೊರುವವರಿಲ್ಲದೆ ಒಂದು ವಿನಂತಿಯೂ ನೆಲದ ಮೇಲೆ ಉಳಿದದ್ದಿಲ್ಲ.

ವಿಲ್ಮಾಳ ತಂಗಿಯ ಸೊಂಟದ ಮೂಳೆ ಆಯಿತು. ಯಾರದೋ ಲಾರಿಯ ಗೇರು ಆಯಿತು. ಬ್ರದರ್ ಓರ್ವಿಲ್ ತನ್ನ ಮಣಕ ಮೂರು ದಿನದಿಂದ ಮೇವು ಮುಟ್ಟಿಲ್ಲ ಎಂದ. "ಬಾಯಿ ತೆಗೆದು ನೋಡಿದ್ಯಾ ಓರ್ವಿಲ್?" ಎಂದು ಹಿಂದಿನಿಂದ ಯಾರೋ ಕೇಳಿದರು. "ನೋಡೋಕೆ ಬಿಟ್ರೆ ತಾನೇ? ನನ್ನ ಹೆಂಡತಿಗಿಂತ ಹಟಮಾರಿ." ನಗು ಇಳಿದ ಮೇಲೆ ಅದನ್ನೂ ಒಬ್ಬರು ಹೊತ್ತರು.

ಆಗ ಕಿಟಕಿಯ ಪಕ್ಕದ ಕುರ್ಚಿಯಿಂದ ತಿರ್ಜಾ ಕೈಯೆತ್ತಿದಳು.

"ನಾಳೆ ನನಗೆ ಪರೀಕ್ಷೆ ಇದೆ. ಎಂಬತ್ತು ಬರ್ಬೇಕು."

"ಒಳ್ಳೇದು ಮಗಳೇ," ಎಂದರು ಪಾಸ್ಟರ್. "ಯಾವ ಪರೀಕ್ಷೆ?"

"ಜೀವಶಾಸ್ತ್ರ. ಜೀವವಿಕಾಸದ ಪಾಠ."

ಪಾಸ್ಟರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ವಾಡಿಕೆಯನ್ನು ಅವರೂ ಮುರಿಯುವಂತಿರಲಿಲ್ಲ.

"ಇದನ್ನ ಯಾರು ಹೊರ್ತೀರಿ?"

ಇಪ್ಪತ್ತಮೂರು ಜನ ತಮ್ಮ ತಮ್ಮ ಬಟ್ಟಲು ನೋಡಿಕೊಂಡರು. ವಿಲ್ಮಾ ಮೇಜಿನ ಮೇಲೆ ಇಲ್ಲದ ಚೂರುಗಳನ್ನು ಗುಡಿಸುತ್ತಿದ್ದಳು. ತಿರ್ಜಾಳ ಕೈ ಇನ್ನೂ ಅರ್ಧ ಮೇಲಿತ್ತು. ಅದನ್ನು ಇಳಿಸುವುದೋ ಬೇಡವೋ ಅವಳಿಗೆ ತಿಳಿಯುತ್ತಿರಲಿಲ್ಲ. ಹುಡುಗಿ ಇಲ್ಲಿ ಕೇಳಿದ್ದಾಳೆ, ಎನಿಸಿತು ಲೊರೆಟ್ಟಾಳಿಗೆ. ಕೈಬಿಡುವವಳು ಇಲ್ಲಿ ಬಂದು ಕೇಳುವುದಿಲ್ಲ. ಈಗ ಕೈಬಿಡುವುದು ನಾವು.

"ನಾನು ಹೊರ್ತೀನಿ," ಎಂದು ಎದ್ದಳು. ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಕರ್ತನೇ. ನಾಳೆ ಹತ್ತು ಗಂಟೆಗೆ ತಿರ್ಜಾ ಪರೀಕ್ಷೆ ಬರೀತಾಳೆ. ಚೆನ್ನಾಗಿ ಓದಿದಾಳೆ. ಬಾವಲಿಗೆ ಐದು ಬೆರಳು ಕೊಟ್ಟೋನು ನೀನು. ತಿಮಿಂಗಿಲಕ್ಕೂ ಅದೇ ಐದು ಕೊಟ್ಟೆ. ಯಾಕೆ ಕೊಟ್ಟೆ, ಎಷ್ಟು ಕಾಲ ತಗೊಂಡೆ, ನನಗೆ ಗೊತ್ತಿಲ್ಲ. ಕಂಡದ್ದನ್ನ ಕಂಡ ಹಾಗೆ ಬರೆಯೋ ಧೈರ್ಯ ಅವಳಿಗೆ ಕೊಡು. 'ವಿಜ್ಞಾನಿಗಳು ನಂಬುವಂತೆ' ಅಂತ ಮುಂದೆ ಸೇರಿಸೋಕೆ ಕಲಿಸಿದ್ದು ನಾನು. ಆ ಪಾಠಕ್ಕೆ ಪಿನ್ನು ಹೊಡೆದಿಟ್ಟದ್ದೂ ನಾನು. ಓದಿ, ಮತ್ತೆ ಹೊಡೆದೆ. ನಿನ್ನನ್ನ ಕಾಪಾಡ್ತಿದೀನಿ ಅಂದ್ಕೊಂಡಿದ್ದೆ. ಆ ಕೆಲಸ ನನಗೆ ಯಾರೂ ಕೊಟ್ಟಿರ್ಲಿಲ್ಲ. ಕ್ಷಮಿಸು. ಅವಳಿಗೂ ಕ್ಷಮಿಸೋಕೆ ಆದ್ರೆ…" ಆ ಮಾತನ್ನು ಅಲ್ಲೇ ಬಿಟ್ಟಳು. "ಯೇಸುವಿನ ಹೆಸರಿನಲ್ಲಿ," ಎಂದು ಮುಗಿಸಿದಳು.

ರಾಯ್ಸ್‌ನ ಆಮೆನ್ ಬೇಕಾದ್ದಕ್ಕಿಂತ ಜೋರಾಗಿ ಬಂತು. ಉಳಿದವು ಅಲ್ಲೊಂದು ಇಲ್ಲೊಂದು ಉದುರಿದವು. ಪಾಸ್ಟರ್ ಮುಂದಿನ ವಿನಂತಿ ಕೇಳಿದರು.

ಪಾತ್ರೆ ಎತ್ತಿಕೊಳ್ಳುವಾಗ ವಿಲ್ಮಾ ಸೌಟು ಒರೆಸುತ್ತ ಹತ್ತಿರ ಬಂದಳು.

"ಈ ಶುಕ್ರವಾರ ಮಕ್ಕಳಿಗೆ ನಾನೇ ಏನಾದ್ರೂ ಮಾಡಿಸ್ತೀನಿ, ಲೊರೆಟ್ಟಾ. ನೀನು ದಣಿದಿದೀಯ."

"ಎರಡು ಹಂದಿಮರಿ ಉಳಿದಿವೆ, ಸಿಸ್ಟರ್. ಮಕ್ಕಳು ಕಾಯ್ತಿದಾರೆ."

"ನೋಡೋಣ. ಪಾಸ್ಟರ್ ನಿನ್ನ ಹತ್ರ ಮಾತಾಡ್ತಾರೆ."

ಹದಿನಾಲ್ಕು ವರ್ಷದ ಶುಕ್ರವಾರಗಳು ಅಷ್ಟು ಮೆಲ್ಲಗೆ ಕೈಯಿಂದ ಜಾರಿದವು. ಅವಳ ಕಣ್ಣು ಬಾಗಿಲಲ್ಲಿ ಕೋಟು ತೊಡುತ್ತಿದ್ದ ಮಗಳ ಮೇಲಿತ್ತು.

ರಾಯ್ಸ್ ತನ್ನ ಲಾರಿಯಲ್ಲಿ ಮುಂದೆ ಹೋದ. ವ್ಯಾನಿನಲ್ಲಿ ತಿರ್ಜಾ ಸಾರಿನ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಎರಡು ತಿರುವು ದಾಟಿದ ಮೇಲೆ, "ನೀನು ಬಾವಲಿ ಅಂದಾಗ ಬ್ರದರ್ ಓರ್ವಿಲ್ ಕಣ್ಣು ಬಿಟ್ಟು ನೋಡಿದ್ರು," ಎಂದಳು.

"ನೀನು ಹೇಗೆ ನೋಡಿದೆ? ಪ್ರಾರ್ಥನೇಲಿ ಕಣ್ಣು ಮುಚ್ಚಿರ್ಲಿಲ್ವಾ?"

"ನಿನ್ನ ನೋಡ್ತಿದ್ದೆ."

ಸೇತುವೆ ಬಂತು. ಲೊರೆಟ್ಟಾ ಗಾಡಿ ನಿಧಾನ ಮಾಡಿದಳು.

"ಅಮ್ಮಾ, ಆ ಅಧ್ಯಾಯ ನಿಜ ಅಂತೀಯಾ?"

"ಬೆರಳು ನಿಜ. ಅದರಾಚೆಗೆ ನನಗೆ ಗೊತ್ತಿಲ್ಲ, ತಿರ್ಜಾ. ಸತ್ಯವಾಗ್ಲೂ ಗೊತ್ತಿಲ್ಲ."

"ನಂಗೂ ಗೊತ್ತಿಲ್ಲ." ಹುಡುಗಿ ಕಿಟಕಿಯಾಚೆ ನೋಡುತ್ತಿದ್ದಳು. "ಮೊದಲೇ ಹೇಳ್ಬಹುದಿತ್ತು. ಇಬ್ರೂ ಒಟ್ಟಿಗೆ ಗೊತ್ತಿಲ್ದೆ ಇರ್ಬಹುದಿತ್ತು."

ಲೊರೆಟ್ಟಾಳಿಗೆ ಭಾನುವಾರದ ಮುಚ್ಚಿದ ತುಟಿಯ ಬಗ್ಗೆ ಕೇಳಬೇಕೆನಿಸಿತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದಳು. ಅದು ಹುಡುಗಿಯ ಮಾತು, ಅವಳಿಗೆ ಬೇಕಾದಾಗ ಅವಳೇ ಹೇಳಲಿ.

"ಮನೆಗೆ ಹೋದ್ಮೇಲೆ ಪ್ರಶ್ನೆ ಕೇಳ್ತೀಯಾ?" ಎಂದಳು ತಿರ್ಜಾ. "ನಲವತ್ತು ಪುಟ ಇದೆ."

"ಕೇಳ್ತೀನಿ."

"ತಪ್ಪಾದ್ರೆ ತಪ್ಪು ಅನ್ಬೇ​ಕು."

"ಅಂತೀನಿ," ಎಂದಳು ಲೊರೆಟ್ಟಾ. "ಪಾತ್ರೆ ಸರಿಯಾಗಿ ಹಿಡ್ಕೋ, ಮುಂದೆ ಹಳ್ಳ ಇದೆ."